ಪಟ್ಟಣದ ಕೋವಿಗೆ ಎಷ್ಟು ಬೆಲೆ?

ಶ್ರೀರಂಗಪಟ್ಟಣದಲ್ಲಿ ರೈಲು ಇಳಿದವರು ಮೊದಲು ರಂಗನಾಥನ ಗುಡಿಗೆ ಹೋಗುತ್ತಾರೆ. ನಾನೂ ಮೊಮ್ಮಗಳೂ ಹಾಗೇ ಮಾಡಿ, ಕೈಯಲ್ಲಿ ಪ್ರಸಾದ ಹಿಡಿದುಕೊಂಡು ಮತ್ತೆ ನಿಲ್ದಾಣದ ಕಡೆಗೇ ಬಂದೆವು. ನಮಗೆ ನೋಡಬೇಕಿದ್ದದ್ದು ಜಾಗ ಬದಲಿಸಿದ ಒಂದು ಕಟ್ಟಡ.

"ಕಟ್ಟಡ ಎದ್ದು ನಡೆಯುತ್ತದಾ ಅಜ್ಜಾ?" ಏಳನೇ ತರಗತಿಯವಳಿಗೆ ನಂಬಿಕೆ ಬರಲಿಲ್ಲ.

2017ರಲ್ಲಿ ನಡೆಯಿತು. ಬೆಂಗಳೂರು–ಮೈಸೂರು ನಡುವೆ ಜೋಡಿ ಹಳಿ ಹಾಕುವಾಗ ಟಿಪ್ಪು ಸುಲ್ತಾನನ ಕಾಲದ ಶಸ್ತ್ರಾಗಾರ ದಾರಿಗೆ ಅಡ್ಡ ಬಂತು. ಕೆಡವುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಇಟ್ಟಿಗೆ, ಗಾರೆಯ ಕಟ್ಟಡ. ತೂಕ ಸುಮಾರು 1000 ಟನ್. ಬುಡದಲ್ಲಿ ಉಕ್ಕಿನ ತೊಲೆ ತೂರಿಸಿ, ಜಾಕಿ ಕೊಟ್ಟು ಎತ್ತಿ, ಇಡೀ ಕಟ್ಟಡವನ್ನು ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ಹೊರಗಿನಿಂದ ಸುತ್ತು ಹಾಕಿದ ಮೊಮ್ಮಗಳು, "ಒಳಗೆ ಕೋವಿಗಳಿವೆಯಾ?" ಎಂದಳು. ಒಂದೂ ಇಲ್ಲ ಎಂದೆ. ಅವಳ ಮುಖ ಸಪ್ಪಗಾಯಿತು.

ಅವಳಿಗೆ ಕೋವಿಯ ಚಿಂತೆ ಬಂದದ್ದಕ್ಕೆ ಕಾರಣವಿದೆ. ಮಲೆನಾಡಿನ ನಮ್ಮ ಹಳೆಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು. ತೋಟಕ್ಕೆ ಬರುವ ಹಂದಿ, ಮಂಗ ಓಡಿಸಲೆಂದು ನಮ್ಮಜ್ಜ ತಂದದ್ದು. ಪ್ರತಿ ಚುನಾವಣೆಗೂ ಪೊಲೀಸ್ ಠಾಣೆಗೆ ಹೋಗಿ ಇದ್ದು ಬರುತ್ತಿತ್ತು. ಹೋದ ವರ್ಷ ಅಣ್ಣ ತೀರಿಕೊಂಡ. ಲೈಸೆನ್ಸ್ ಅವನ ಹೆಸರಿನಲ್ಲಿತ್ತು, ಹಾಗಾಗಿ ಕೋವಿ ಮತ್ತೆ ಠಾಣೆ ಸೇರಿತು. ಕೊಡಗಿನವರಿಗಿರುವ ವಿನಾಯಿತಿ ನಮಗಿಲ್ಲ. ಅಣ್ಣನ ಮಗ ಹೊಸ ಲೈಸೆನ್ಸ್ ಮಾಡಿಸಬೇಕು, ಇಲ್ಲವೇ ಲೈಸೆನ್ಸ್ ಇರುವವರಿಗೆ ಮಾರಬೇಕು. ಪೇಟೆಯ ಕೋವಿ ಅಂಗಡಿಯವರು ಎಂಟು ಸಾವಿರ ಕೊಡುತ್ತೇವೆ ಎಂದರು. ಅಣ್ಣನ ಮಗ ಕೊಟ್ಟುಬಿಡೋಣ ಅಂತ, ನಾನು ಬೇಡ ಅಂತ. "ಹಳೇ ಕೋವಿಗೆ ಬೆಲೆ ಹ್ಯಾಗೆ ಕಟ್ಟುತ್ತಾರೆ?" ಎಂದು ಮೊಮ್ಮಗಳು ಕೇಳಿದ್ದು ಆಗ. ಅದಕ್ಕೇ ಅವಳನ್ನು ಇಲ್ಲಿಗೆ ಕರೆತಂದೆ.

ಕಟ್ಟಡದ ನೆರಳಿನಲ್ಲಿ ಕೂತು ಪ್ರಸಾದ ತಿನ್ನುತ್ತಾ ಕಥೆ ಹೇಳಿದೆ. 1799ರ ಮೇ 4ರಂದು ಈ ಕೋಟೆ ಬಿತ್ತು, ಟಿಪ್ಪು ಇಲ್ಲೇ ಮಡಿದ. ಮೊದಲು ಕೈಗೆ ಸಿಕ್ಕವರಿಗೆ ಸಿಕ್ಕಿದ್ದು ಎಂಬಂತೆ ಲೂಟಿ ನಡೆಯಿತು. ಆಮೇಲೆ ಇಂಗ್ಲಿಷ್ ಸೇನೆಯವರು ಒಂದು ಸಮಿತಿ ಮಾಡಿಕೊಂಡು, ಉಳಿದದ್ದನ್ನು ಪಟ್ಟಿ ಮಾಡಿ, ಬೆಲೆ ಕಟ್ಟಿ, ಹರಾಜು ಹಾಕಿದರು. ಬಂದ ಹಣದಲ್ಲಿ ದಂಡನಾಯಕ ಹ್ಯಾರಿಸ್‌ಗೆ ಲಕ್ಷ ಪೌಂಡ್‌ಗೂ ಮೀರಿದ ಪಾಲು, ಸಾಮಾನ್ಯ ಸಿಪಾಯಿಗೆ ಕೆಲವೇ ಪೌಂಡ್. ಹುಲಿಯ ಸಿಂಹಾಸನವನ್ನಂತೂ ಹಂಚಿಕೊಳ್ಳಲು ಅನುಕೂಲವಾಗಲೆಂದು ಒಡೆದೇ ಹಾಕಿದರು. ಅದರ ಹುಲಿತಲೆ ಈಗ ಇಂಗ್ಲೆಂಡಿನ ವಿಂಡ್ಸರ್ ಅರಮನೆಯ ಸಂಗ್ರಹದಲ್ಲಿದೆ. ಕೋವಿ, ಕತ್ತಿಗಳು ಅಧಿಕಾರಿಗಳ ಪೆಟ್ಟಿಗೆ ಸೇರಿ ಹಡಗು ಹತ್ತಿದವು.

ಮನೆಮನೆಯ ಗೋಡೆಯಲ್ಲಿ, ಅಟ್ಟದಲ್ಲಿ ಇದ್ದ ಅವು ಈಗ ಒಂದೊಂದಾಗಿ ಹರಾಜಿಗೆ ಬರುತ್ತಿವೆ. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನಮ್ಸ್ ಹರಾಜು ಮನೆಯಲ್ಲಿ ಟಿಪ್ಪು ಕಾಲದ 30 ವಸ್ತುಗಳು ಸೇರಿ 60 ಲಕ್ಷ ಪೌಂಡ್ ದಾಟಿದವು. ಅವುಗಳಲ್ಲಿ ಒಂದು ಬೇಟೆಯ ಕೋವಿಗೇ ಏಳು ಲಕ್ಷ ಪೌಂಡ್‌ಗೂ ಹೆಚ್ಚು. ಅಂದಿನ ಲೆಕ್ಕದಲ್ಲಿ ಆರು ಕೋಟಿ ರೂಪಾಯಿಗೂ ಮಿಗಿಲು! 2019ರಲ್ಲಿ ಬರ್ಕ್‌ಷೈರಿನ ಒಂದು ಮನೆಯಲ್ಲಿ ಸಿಕ್ಕ ಬೆಳ್ಳಿ ಕಟ್ಟಿನ ಕೋವಿ 60 ಸಾವಿರ ಪೌಂಡ್‌ಗೆ ಹೋಯಿತು.

"ಅದೂ ಹಳೇದೇ, ನಮ್ಮದೂ ಹಳೇದೇ. ಅದಕ್ಕೆ ಮಾತ್ರ ಯಾಕೆ ಅಷ್ಟು?"

ಹಳೆಯದು ಎಂಬುದೊಂದಕ್ಕೇ ಯಾರೂ ದುಡ್ಡು ಕೊಡುವುದಿಲ್ಲ. ಆ ಕೋವಿಗಳು ಚಕಮಕಿ ಕಲ್ಲಿನವು. ಕುದುರೆ ಎಳೆದರೆ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿ ಮದ್ದಿಗೆ ಹತ್ತುತ್ತದೆ. ಅಂಥವು ಯುರೋಪಿನಲ್ಲೂ ಬೇಕಾದಷ್ಟಿದ್ದವು. ಆದರೆ ಇವುಗಳ ಮೈಮೇಲೆ ಟಿಪ್ಪುವಿನ ಹುಲಿಪಟ್ಟೆ ಇದೆ, ಕೆಲಸಗಾರನ ಹೆಸರಿದೆ, ಮಾಡಿದ ಊರು 'ಪಟನ್' ಎಂದಿದೆ. ಪಟನ್ ಎಂದರೆ ನಾವು ಕೂತಿದ್ದ ಇದೇ ಪಟ್ಟಣ. ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಲೆಕ್ಕದ ವರ್ಷವೂ ಇದೆ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 2221 ಎಂದು ಕಂಡರೆ ಅದು 1222. ನಮ್ಮ ಲೆಕ್ಕಕ್ಕೆ 1794ರ ಆಸುಪಾಸು. ಮೊಮ್ಮಗಳು ಕೂಡಲೇ ತಾನು ಹುಟ್ಟಿದ ವರ್ಷವನ್ನು ಮಣ್ಣಿನಲ್ಲಿ ತಿರುಗುಮುರುಗಾಗಿ ಬರೆದಳು.

ಬೆಲೆ ಕಟ್ಟುವವರು ಇನ್ನೂ ಕೆಲವನ್ನು ನೋಡುತ್ತಾರೆ. ನಳಿಗೆ, ಕುದುರೆ, ಮರದ ಹಿಡಿ ಮೂರೂ ಒಂದೇ ಕಾಲದವೋ, ನಡುವೆ ಯಾರಾದರೂ ಬದಲಿಸಿದ್ದಾರೋ? ಯಾರ ಕೈಯಿಂದ ಯಾರ ಕೈಗೆ ಬಂತು ಎನ್ನುವುದಕ್ಕೆ ಕಾಗದ ಇದೆಯೋ? ಎಲ್ಲಕ್ಕಿಂತ ವಿಚಿತ್ರವೆಂದರೆ, ಹೊಳೆಯುವ ಹಾಗೆ ಉಜ್ಜಿದ್ದರೆ ಬೆಲೆ ಇಳಿಯುತ್ತದೆ. ಇನ್ನೂರು ವರ್ಷದಲ್ಲಿ ಲೋಹಕ್ಕೆ ಬಂದ ಆ ಕಂದು ಬಣ್ಣವೇ ಅದರ ಸಾಕ್ಷಿ. ಹಬ್ಬ ಬಂತೆಂದರೆ ಹಿತ್ತಾಳೆ ಚೊಂಬನ್ನು ಹುಣಸೆಹಣ್ಣಿನಲ್ಲಿ ತಿಕ್ಕುವ ನಮ್ಮ ಮನೆಯ ಹೆಂಗಸರು ಈ ಮಾತನ್ನು ಒಪ್ಪಲಾರರು.

"ಹಾಗಾದರೆ ನಮ್ಮದನ್ನೂ ಲಂಡನ್ನಿಗೆ ಕಳಿಸೋಣ!"

ಆಗದು. ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸದಂತೆ 1972ರ ಕಾಯ್ದೆ ತಡೆಯುತ್ತದೆ. ಹೋದವು ಹೋದವು, ಇದ್ದವಾದರೂ ಉಳಿಯಲಿ ಅಂತ. ನಮ್ಮ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಹಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಹೊರಬಂದವು. ಮೈಸೂರು ಸೇನೆಯವು, ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು. ಅವು ಯಾವ ಹರಾಜಿಗೂ ಹೋಗದೆ ಶಿವಮೊಗ್ಗದ ವಸ್ತುಸಂಗ್ರಹಾಲಯ ಸೇರಿದವು. ಬರುವ ರಜೆಯಲ್ಲಿ ಅಲ್ಲಿಗೆ ಕರೆದೊಯ್ಯುವುದಾಗಿ ಮಾತು ಕೊಟ್ಟ ಮೇಲೆ ಅವಳ ಮುಖ ಅರಳಿತು.

ರೈಲಿಗೆ ಇನ್ನೂ ಹೊತ್ತಿತ್ತು. ಠಾಣೆಯಲ್ಲಿರುವ ನಮ್ಮ ಕೋವಿಯ ಮೇಲೆ ಏನಾದರೂ ಗುರುತು, ಅಕ್ಷರ ಇದೆಯೇ ಎಂದು ಕೇಳಲು ಅತ್ತಿಗೆಗೆ ಫೋನ್ ಮಾಡಿದೆ.

"ಕುದುರೆಯ ಹತ್ರ ಏನೋ ಸಣ್ಣಗೆ ಕೊರೆದಿತ್ತಪ್ಪ," ಎಂದರು ಅತ್ತಿಗೆ. "ನಿಮ್ಮಣ್ಣ ಕನ್ನಡಕ ಹಾಕ್ಕೊಂಡು ಓದ್ತಿದ್ರು. ಈಗ ಕಾಣುತ್ತೋ ಇಲ್ವೋ. ಠಾಣೆಗೆ ಕೊಡೋವಾಗ ಗಲೀಜಾಗಿರಬಾರದು, ಮನೆತನದ ಮಾನ ಹೋಗುತ್ತೆ ಅಂತ ಹುಣಸೆಹಣ್ಣು, ಬೂದಿ ಹಾಕಿ ಎರಡು ದಿನ ತಿಕ್ಕಿದೀನಿ. ಕನ್ನಡಿ ಹಾಗೆ ಹೊಳೀತಿದೆ!"

ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. "ಒಳ್ಳೇದಾಯ್ತು ಅತ್ತಿಗೆ," ಎಂದು ಫೋನ್ ಇಟ್ಟೆ.

"ಇನ್ನು ಮಾರೋದು ಬೇಡ ಅಲ್ವಾ ಅಜ್ಜಾ?" ಎಂದಳು ಅವಳು, ಮಣ್ಣಿನಲ್ಲಿ ಬರೆದ ಅಂಕಿಗಳನ್ನು ಕಾಲಿನಿಂದ ಅಳಿಸುತ್ತಾ.