ಎತ್ತಲಾಗದ ಗಾಡಿ

ನಿವೃತ್ತಿಯಾದ ವರ್ಷವೇ 350 ಸಿಸಿ ಬೈಕ್ ಕೊಂಡೆ. ಬಹಳ ದಿನಗಳಿಂದ ಒಂದು ದಾರಿ ಮನಸ್ಸಿನಲ್ಲಿತ್ತು: ಆಳಂದ ತಾಲೂಕಿನ ಕೊರಳ್ಳಿಯ ಅಮರ್ಜಾ ಜಲಾಶಯದಿಂದ ಹೊರಟು, ಹೊಳೆಯ ಆಚೀಚೆಯ ಊರುಗಳನ್ನು ನೋಡುತ್ತ, ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಅಮರ್ಜಾ ಭೀಮೆಯನ್ನು ಸೇರುವ ಸಂಗಮಕ್ಕೆ ಹೋಗುವುದು, ಅಲ್ಲಿಂದ ಭೀಮೆಯ ಗುಂಟ ಜೇವರ್ಗಿ ಹತ್ತಿರದ ಕಟ್ಟಿಸಂಗಾವಿ ಸೇತುವೆವರೆಗೆ. ಊರೂರು ಸುತ್ತಲು ದೊಡ್ಡ ಗಾಡಿಯೇ ಬೇಕೆಂದು ನಂಬಿದ್ದೆ.

ಡಾಂಬರಿನ ಮೇಲೆ ಅದು ಚೆನ್ನಾಗಿಯೇ ಓಡಿತು. ಆದರೆ ನಮ್ಮ ಸೀಮೆಯಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಕಬ್ಬಿನ ಟ್ರ್ಯಾಕ್ಟರ್ ಎದುರಾದರೆ ಬದಿಗಿಳಿಯಬೇಕು, ರಸ್ತೆ ಮೇಲೆ ರಾಶಿ ಹರವಿದ್ದರೆ ಸುತ್ತಿಕೊಂಡು ಹೋಗಬೇಕು, ದಾರಿ ತಪ್ಪಿದರೆ ಇದ್ದ ಜಾಗದಲ್ಲೇ ತಿರುಗಿಸಿಕೊಳ್ಳಬೇಕು.

ಹಾಗೆ ತಿರುಗಿಸುವಾಗಲೇ ಬಿದ್ದೆ. ಗಾಣಗಾಪುರ ಇನ್ನೂ ದೂರವಿತ್ತು. ಹೊಳೆ ನೋಡಲೆಂದು ಹೊಲದ ದಾರಿ ಹಿಡಿದಿದ್ದೆ, ಹಿಂದಿನ ರಾತ್ರಿ ಮಳೆಯಾಗಿತ್ತು. ಎರೆ ಮಣ್ಣು ಹಸಿಯಾದರೆ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಗಾಡಿಯನ್ನು ಕಚ್ಚಿ ಹಿಡಿಯುತ್ತದೆ. ಊರಿದ ಕಾಲು ಜಾರಿತು. ಗಾಡಿ ನಿಧಾನಕ್ಕೆ ವಾಲಿತು. ಒಂದು ಹಂತ ದಾಟಿದ ಮೇಲೆ 195 ಕೆ.ಜಿ.ಯನ್ನು ತೋಳು ತಡೆಯುವುದಿಲ್ಲ. ಮೊಣಕಾಲು ತಿರುಚಿತು. ಹ್ಯಾಂಡಲ್ ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನು ಕೊಟ್ಟು, ಕಾಲಿನ ಬಲದಿಂದ ಎತ್ತುವ ಕ್ರಮ ನನಗೆ ಗೊತ್ತಿತ್ತು. ಕಾಲಿನಲ್ಲಿ ಬಲವಿರಲಿಲ್ಲ, ನೆಲದಲ್ಲಿ ಹಿಡಿತವಿರಲಿಲ್ಲ.

ಹೊಲದಲ್ಲಿದ್ದ ಇಬ್ಬರು ಹುಡುಗರು ಬಂದು ಎತ್ತಿದರು. ಒಬ್ಬ ಫರಸಿ ಕಲ್ಲಿನ ತುಂಡೊಂದನ್ನು ಹುಡುಕಿ ತಂದು ಸೈಡ್ ಸ್ಟ್ಯಾಂಡಿನ ಕೆಳಗಿಟ್ಟ. ಇಲ್ಲದಿದ್ದರೆ ಸ್ಟ್ಯಾಂಡ್ ಮಣ್ಣಿನೊಳಗೆ ಇಳಿದು ಗಾಡಿ ಮತ್ತೆ ಮಲಗುತ್ತಿತ್ತು. “ನಮ್ಮ ಗಾಡೀನೂ ಇಲ್ಲಿ ಸಿಗಿಬೀಳ್ತದ ಕಾಕಾ,” ಅಂದ. “ಆದ್ರ ಒಬ್ರೇ ಎತ್ತಿ ಹೊರಗ ತರ್ತೀವಿ.”

ಮೊಣಕಾಲು ವಾಸಿಯಾಯಿತು. ನನಗೆ ನಿಜವಾಗಿ ಸಂಕಟವಾದದ್ದು ಆಮೇಲೆ. ಎಲ್ಲಿಗೇ ಹೊರಟರೂ ಅಲ್ಲಿ ಗಾಡಿ ತಿರುಗಿಸಲು ಜಾಗವಿದೆಯೇ ಎಂಬ ಲೆಕ್ಕ ಮೊದಲು ಬರತೊಡಗಿತು. ಆಳಂದದ ಲಾಡ್ಲೆ ಮಶಾಕ ದರ್ಗಾದ ಸುತ್ತಲಿನ ಓಣಿಗಳು ಬಿಟ್ಟುಹೋದವು, ಗಾಣಗಾಪುರದ ಮಠದ ಕಡೆಯ ಸಂದಿಗಳು ಬಿಟ್ಟುಹೋದವು. ಹೊಳೆದಂಡೆಯಂತೂ ದೂರದ ಮಾತು. ಊರು ನೋಡಲೆಂದು ತಂದ ಗಾಡಿ ಊರುಗಳನ್ನೇ ತಪ್ಪಿಸುತ್ತಿತ್ತು. ಅಂಗಳದಲ್ಲಿ ನಿಂತು ನಿಂತು ಕೊನೆಗೆ ಮಾರಿಹೋಯಿತು. ಪ್ರಾಯ ಹೋಗಿದೆಯೆಂದು ಒಪ್ಪಿಕೊಳ್ಳಲು ತಡಮಾಡಿದ್ದಕ್ಕೆ ತೆತ್ತ ಬೆಲೆ ಅದು.

ಈಗ ಇರುವುದು ಸ್ಪ್ಲೆಂಡರ್. 97.2 ಸಿಸಿ, ತೂಕ 112 ಕೆ.ಜಿ. ಹಳೆಯದಕ್ಕಿಂತ 83 ಕೆ.ಜಿ. ಕಡಿಮೆ, ಅಂದರೆ ಕ್ವಿಂಟಲ್ ತೊಗರಿ ಚೀಲಕ್ಕೆ ತುಸು ಕಮ್ಮಿ ಭಾರ ಇಳಿಸಿದ ಹಾಗೆ. ಸೀಟಿನ ಎತ್ತರ 785 ಮಿ.ಮೀ., ಎರಡೂ ಪಾದ ನೆಲಕ್ಕೆ ಪೂರ್ತಿ ಊರುತ್ತವೆ. ಕ್ಲಚ್ ಕೇಬಲ್ ಸಂತೆ ಊರಿನ ಗ್ಯಾರೇಜಿನಲ್ಲೂ ಸಿಗುತ್ತದೆ. ಇದಕ್ಕೂ ಕೊರತೆಯಿದೆ: ಕಟ್ಟಿಸಂಗಾವಿ ಸೇತುವೆಯ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಲಾರಿ ಪಕ್ಕದಲ್ಲಿ ಹಾದುಹೋದರೆ ಗಾಳಿಗೆ ಗಾಡಿ ಅಲುಗುತ್ತದೆ. ಅದಕ್ಕೇ ಹೆದ್ದಾರಿಯನ್ನು ನಸುಕಿನಲ್ಲಿ ದಾಟಿ, ಉಳಿದ ಹೊತ್ತು ಹಳ್ಳಿ ರಸ್ತೆ ಹಿಡಿಯುತ್ತೇನೆ. ಅಲ್ಲಿ ಗಂಟೆಗೆ 50 ಕಿ.ಮೀ. ಧಾರಾಳವಾಯಿತು.

ಅರವತ್ತರ ಆಸುಪಾಸಿನಲ್ಲಿ ಸುತ್ತಾಟಕ್ಕೆಂದು ಗಾಡಿ ಕೊಳ್ಳುವವರು ಓಡಿಸಿ ನೋಡುವ ಮೊದಲು ಒಂದು ಕೆಲಸ ಮಾಡಿ. ಎಂಜಿನ್ ಬಂದ್ ಮಾಡಿ, ಇಳಿಜಾರಿಗೆ ಮುಖಮಾಡಿ ನಿಂತ ಗಾಡಿಯನ್ನು ಒಬ್ಬರೇ ಹಿಂದಕ್ಕೆ ತಳ್ಳಿ. ಹಿಂದೆ ಸಾಮಾನು ಕಟ್ಟಿ ಇನ್ನೊಮ್ಮೆ ತಳ್ಳಿ. ಆಗದಿದ್ದರೆ ಅದಕ್ಕಿಂತ ಸಣ್ಣದನ್ನು ತೋರಿಸಲು ಹೇಳಿ.