ತೊಳೆದ ಮೇಲೆ ಸುಮ್ಮನಾದ ಸೈಕಲ್ಲು

ನಮ್ಮ ಬೈಲಹೊಂಗಲದ ಕಡೆ ಮಳೆಗಾಲದಾಗ ಗಾಡಿ ತೊಳೆಯೋದು ಶೋಕಿಗಲ್ಲ. ಎರಿ ಮಣ್ಣಿನ ಊರಿನವರಿಗೆ ಗೊತ್ತಿರತೈತಿ, ಹೊಲದ ದಾರಿಯಲ್ಲಿ ನೂರು ಹೆಜ್ಜೆ ನಡೆದರೆ ಚಪ್ಪಲಿ ಎತ್ತಿಡಲಾರದಷ್ಟು ಭಾರ ಆಗುತ್ತದೆ. ಸೈಕಲ್ಲಾದರೆ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಮಣ್ಣು ಮೆತ್ತಿಕೊಂಡು ಗಾಲಿ ತಿರುಗೋದೇ ನಿಲ್ಲುತ್ತದೆ. ಕಿತ್ತೂರಿನಾಚೆಯ ಕೆಂಪು ಮಣ್ಣಿನವರು ಇದನ್ನು ಕೇಳಿ ನಗತಾರ. ಅವರ ಮಣ್ಣು ಒಣಗಿದ ಮೇಲೆ ಝಾಡಿಸಿದರೆ ಉದುರುತ್ತದೆ. ನಮ್ಮದು ಒಣಗಿದರೆ ಸಿಮೆಂಟು. ಎಲೆಕ್ಟ್ರಿಕ್ ಸೈಕಲ್ಲಿಗೆ ಆದಷ್ಟು ನೀರು ತಾಗಿಸಬೇಡಿ ಅಂತ ಪುಸ್ತಕದಲ್ಲಿ ಬರೆದವರು ಒಮ್ಮೆ ಸೋಯಾ ಕೊಯ್ಲಿನ ಹೊತ್ತಿನಲ್ಲಿ ನಮ್ಮ ಹೊಲಕ್ಕೆ ಬಂದು ಹೋಗಬೇಕು ಅಂತ ನನಗನಿಸೋದು ಅದಕ್ಕೇ.

ಇತ್ತಿತ್ತಲಾಗಿ ನಮ್ಮ ಸುತ್ತಮುತ್ತ ಈ ಸೈಕಲ್ಲುಗಳು ಅಲ್ಲೊಂದು ಇಲ್ಲೊಂದು ಕಾಣತೊಡಗಿವೆ. ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಇದ್ದರೆ ಕಾಯ್ದೆ ಅದನ್ನು ಮೋಟಾರು ವಾಹನ ಅಂತ ಲೆಕ್ಕಕ್ಕೆ ಹಿಡಿಯೋದಿಲ್ಲ. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ. ಹುಡುಗರು ತಗೊಂಡದ್ದು ಶೋಕಿಗೆ. ನಮ್ಮ ಕಾಕಾನ ಕೈಗೆ ಅದು ಬಂದದ್ದು ಮಾತ್ರ ಬೇರೆ ಕಾರಣಕ್ಕೆ.

ಕಾಕಾಗೆ ಅರವತ್ತೆಂಟು. ಎರಡೂ ಮೊಣಕಾಲು ಸವೆದಿವೆ. ಹೊಲದ ಮನೆಯಲ್ಲಿ ಎರಡು ಎಮ್ಮೆ. ದಿನಾ ಬೆಳಿಗ್ಗೆ ಹನ್ನೆರಡು ಲೀಟರ್ ಹಾಲು ಹೇರಿಕೊಂಡು ಪೇಟೆಗೆ ಬರಬೇಕು, ಹದಿನಾಲ್ಕು ಮನೆಗೆ ಹಾಕಬೇಕು. ಮೊದಲೆಲ್ಲ ಎಂ80 ಗಾಡಿ ಇತ್ತು. ಕಿಕ್ ಹೊಡೆಯಲು ಮೊಣಕಾಲು ಒಲ್ಲೆ ಅಂದಾಗ ಪುಣೆಯಲ್ಲಿರೋ ಮಗ ಈ ದಪ್ಪ ಟೈರಿನ, ಗೇರಿನ ಸೈಕಲ್ಲು ಕಳಿಸಿದ. ಪೆಟ್ಟಿಗೆ ಮೇಲೆ ಮೌಂಟೇನ್ ಬೈಕ್ ಅಂತ ಬರೆದಿತ್ತು. "ಬೈಲಹೊಂಗಲದಾಗ ಮೌಂಟೇನ್ ಎಲ್ಲಿ ಐತ್ಲೇ?" ಅಂತ ಕಾಕಾ ನಕ್ಕರೂ, ಹೊಲದಿಂದ ರಸ್ತೆಗೆ ಬರೋ ಆ ಒಂದು ಏರು ಅವರ ಪಾಲಿಗೆ ಎಲ್ಲಮ್ಮನ ಗುಡ್ಡಕ್ಕಿಂತ ಕಡಿಮೆ ಇರಲಿಲ್ಲ. ಮಗ ಒಂದು ಕರಾರು ಹಾಕಿದ್ದ: "ಇದೂ ಆಗಲಿಲ್ಲಂದ್ರ ಎಮ್ಮಿ ಮಾರಿ ಪುಣೆಗೆ ಬರಬೇಕು, ಅಪ್ಪಾ." ಕಾಕಾ ಹೂಂ ಅಂದಿದ್ದರು.

ಖಂಡೇನವಮಿಯ ದಿನ ಊರಿನ ಗಾಡಿಗಳೆಲ್ಲ ವಾಟರ್ ಸರ್ವಿಸಿಂಗ್ ಅಂಗಡಿ ಮುಂದೆ ಪಾಳಿ ಹಚ್ಚುತ್ತವೆ. ಓಣಿಯ ಹುಡುಗನೊಬ್ಬ ಪ್ರೀತಿಯಿಂದ ಕಾಕಾನ ಸೈಕಲ್ಲನ್ನೂ ಒಯ್ದು ಪಾಳಿಗೆ ನಿಲ್ಲಿಸಿದ. ನೊರೆ ಹೊಡೆದು, ಪ್ರೆಶರ್ ಗನ್ನಿನಿಂದ ಹ್ಯಾಂಡಲ್ಲು, ಡಿಸ್ಪ್ಲೇ, ಹಿಂದಿನ ಗಾಲಿಯ ಮೋಟಾರು, ಬ್ಯಾಟರಿ ಎಲ್ಲಾ ಫಳಫಳ ಮಾಡಿಕೊಟ್ಟರು. ಮನೆಗೆ ಬಂದ ಮೇಲೆ ವಿಭೂತಿ, ಕುಂಕುಮ, ಚೆಂಡು ಹೂವು, ಗಾಲಿಯ ಕೆಳಗೆ ನಿಂಬೆಹಣ್ಣು. ಕಾಯಿ ಒಡೆದ ನೀರು ಸೈಕಲ್ಲಿನ ಮೇಲೂ ಬಿತ್ತು. ಮರುದಿನ ಬನ್ನಿ ಕೊಟ್ಟು ಬಂಗಾರದಂಗ ಇರೂಣು ಅಂದದ್ದಾಯಿತು. ಅದರ ಮರುದಿನ ಬೆಳಿಗ್ಗೆ ಹಾಲಿನ ಕ್ಯಾನು ಕಟ್ಟಿ ಸ್ವಿಚ್ ಒತ್ತಿದರೆ ಡಿಸ್ಪ್ಲೇ ಹತ್ತಿತು, ಬ್ಯಾಟರಿ ಪೂರ್ತಿ ಅಂತ ತೋರಿಸಿತು, ಮೋಟಾರು ಮಾತ್ರ ಉಸಿರೇ ಎತ್ತಲಿಲ್ಲ. ಕಾಕಾ ಆ ಭಾರದ ಸೈಕಲ್ಲನ್ನು ಏರು ತುಂಬ ದಬ್ಬಿಕೊಂಡು ಬಂದರು. ಚನ್ನಮ್ಮನ ಸಮಾಧಿ ಹತ್ತಿರದ ಮನೆಗಳಿಗೆ ಹಾಲು ಮುಟ್ಟಿದಾಗ ಮಕ್ಕಳು ಸಾಲಿಗೆ ಹೋಗಿಯಾಗಿತ್ತು.

ಮಾರಿದವರಿಗೆ ಫೋನ್ ಹಚ್ಚಿದೆವು. ನೀರಿನಿಂದ ಆದದ್ದಕ್ಕೆ ವಾರಂಟಿ ಇಲ್ಲ, ಪ್ಯಾಕ್ ಮಾಡಿ ಕಳಿಸ್ರಿ, ಮೂರು ವಾರ ಆಗತೈತಿ ಅಂದರು. ಮೂರು ವಾರ ಹಾಲು ತಪ್ಪಿದರೆ ಹದಿನಾಲ್ಕು ಮನೆಯವರೂ ಪ್ಯಾಕೆಟ್ಟಿಗೆ ಹೋಗತಾರ, ತಿರುಗಿ ಬರೋದಿಲ್ಲ. ಭಾನುವಾರ ಮಗನ ಫೋನ್ ಬರೋದು ಬೇರೆ ಇತ್ತು. ಕಾಕಾ ನನ್ನ ಮನೆ ಕಟ್ಟೆಗೆ ಬಂದು ಕುಂತರು. "ತಮ್ಮಾ, ನೀ ಸಾಲ್ಯಾಗ ಹುಡುಗೂರಿಗೆ ಕರೆಂಟಿನ ಪಾಠ ಹೇಳ್ತಿ. ಇದನ್ನಟ ನೋಡು."

ಇಲ್ಲೊಂದು ಮಾತು ಹೇಳಬೇಕು. ಇಂಥ ಸೈಕಲ್ಲಿನ ಕಾಗದದಲ್ಲಿ ಐಪಿಎಕ್ಸ್ 4, ಐಪಿಎಕ್ಸ್ 5 ಅಂತ ಬರೆದಿರುತ್ತದೆ, ಜನ ಅದನ್ನು ವಾಟರ್‌ಪ್ರೂಫ್ ಅಂತ ಓದಿಕೊಳ್ಳುತ್ತಾರೆ. 4 ಅಂದರೆ ಎಲ್ಲಾ ದಿಕ್ಕಿನಿಂದ ಸಿಡಿಯೋ ನೀರು ತಡೀತೈತಿ ಅಂತಷ್ಟೇ, ಮಳೆಗೆ ಸಾಕು. 5 ಅಂದರೆ 6.3 ಮಿಲಿಮೀಟರಿನ ನಳಿಗೆಯಿಂದ, ನಿಮಿಷಕ್ಕೆ 12.5 ಲೀಟರಿನಂತೆ, ಎರಡೂವರೆ ಮೂರು ಮೀಟರ್ ದೂರದಿಂದ ನೀರು ಬಿಟ್ಟು ಪರೀಕ್ಷೆ ಮಾಡಿದ್ದು. ಅದು ಹೆಚ್ಚುಕಡಿಮೆ ತೋಟಕ್ಕೆ ನೀರು ಬಿಡೋ ಪೈಪಿನ ಲೆಕ್ಕ. ಸರ್ವಿಸಿಂಗ್ ಅಂಗಡಿಯ ಗನ್ನಿನ ಒತ್ತಡ ಅದರ ಎಷ್ಟೋ ಪಟ್ಟು, ಅದೂ ಗೇಣು ದೂರದಿಂದ. ರಬ್ಬರಿನ ಸೀಲು ಮಳೆಯನ್ನು ತಡೆಯಬಹುದು, ಆ ಗನ್ನನ್ನಲ್ಲ.

ಬ್ಯಾಟರಿ ತೆಗೆದು, ಒರೆಸಿ, ಸೈಕಲ್ಲನ್ನು ನೆರಳಲ್ಲಿ ಫ್ಯಾನಿನ ಮುಂದೆ ನಿಲ್ಲಿಸಿದೆವು. ಒದ್ದೆ ಇದ್ದಾಗ ಚಾರ್ಜಿಗೆ ಹಚ್ಚಲೇಬಾರದು. ಬಿಸಿಲಿಗಿಟ್ಟರೆ ಬೇಗ ಒಣಗತೈತಲ್ಲ ಅಂತ ಕಾಕಿ ಅಂದರು. ಬ್ಯಾಟರಿಗೆ ಅಷ್ಟು ಬಿಸಿ ಒಳ್ಳೇದಲ್ಲ, ಬೇಡ ಅಂದೆ. ರಾತ್ರಿ ಮತ್ತೆ ಜೋಡಿಸಿ ನೋಡಿದರೆ ಅದೇ ಕಥೆ. ಪೆಡಲಿಗೂ ಇಲ್ಲ, ಥ್ರಾಟಲಿಗೂ ಇಲ್ಲ. ಪೆಡಲ್ ತುಳಿದರೆ ಮಾತ್ರ ಬರದಿದ್ದರೆ ಪೆಡಲಿನ ಬುಡದಲ್ಲಿರೋ ಮ್ಯಾಗ್ನೆಟ್ಟಿನ ಚಕ್ರ, ಅದರ ಸೆನ್ಸರು ಅಂತ ಹುಡುಕಬಹುದಿತ್ತು. ಎರಡೂ ಇಲ್ಲ ಅಂದರೆ ಎರಡನ್ನೂ ಒಮ್ಮೆಗೇ ತಡೆಯೋದು ಏನೋ ಇದೆ.

ಅದು ಏನು ಅಂತ ಹೇಳಿದ್ದು ಕಾಕಾನೇ, ತಮಗೇ ಗೊತ್ತಿಲ್ಲದೆ. "ಪೂಜಿ ಮಾಡಿದ್ದು ಒಂದಕ್ಕ ಚಲೋ ಆಗೇತಿ ನೋಡು. ಹಿಂದಿನ ಕೆಂಪು ದೀಪಾ ಈಗ ಆರೋದ ಇಲ್ಲ."

ಆ ದೀಪ ಬ್ರೇಕ್ ಹಿಡಿದಾಗ ಮಾತ್ರ ಹತ್ತಬೇಕು! ಈ ಸೈಕಲ್ಲುಗಳ ಬ್ರೇಕ್ ಹಿಡಿಯೊಳಗೆ ಕಡಲೆಕಾಳಿನಷ್ಟು ಸ್ವಿಚ್ ಇರುತ್ತದೆ. ಬ್ರೇಕ್ ಒತ್ತಿದ ಕೂಡಲೇ ಅದು ಮೋಟಾರಿಗೆ ನಿಲ್ಲು ಅನ್ನುತ್ತದೆ. ಒಳಗೆ ನೊರೆ, ಮಣ್ಣು ಸೇರಿ ಅದು ಒತ್ತಿದಂತೆಯೇ ಕಚ್ಚಿಕೊಂಡಿತ್ತು. ಮೋಟಾರಿನ ಪಾಲಿಗೆ ಕಾಕಾ ಎರಡು ದಿನದಿಂದ ಬ್ರೇಕ್ ಹಿಡಿದೇ ಕುಂತಿದ್ದರು. ಹಿಂದಿನ ಗಾಲಿ ನೆಲದಿಂದ ಎತ್ತಿ, ಎರಡೂ ಹಿಡಿಗಳ ವೈರಿನ ಜೋಡನ್ನು ಒಂದೊಂದಾಗಿ ಬಿಡಿಸಿದೆವು. ಬಲಗಡೆಯದು ಬಿಡಿಸಿದಾಗ ಏನೂ ಆಗಲಿಲ್ಲ. ಎಡಗಡೆಯದು ಬಿಡಿಸಿದ ಕೂಡಲೇ ಕೆಂಪು ದೀಪ ಆರಿತು, ಗಾಲಿ ಗುಯ್ ಅಂತ ತಿರುಗಿತು. ಬಿಡಿಸಿಟ್ಟೇ ಓಡಿಸಬಾರದು, ಬ್ರೇಕ್ ಹಿಡಿದರೂ ಮೋಟಾರು ದಬ್ಬುತ್ತಿರುತ್ತದೆ. ಹಿಡಿ ಬಿಚ್ಚಿ, ಮೊಬೈಲ್ ರಿಪೇರಿಯವರು ಬಳಸೋ ಐಪಿಎ ದ್ರಾವಣದಿಂದ ತೊಳೆದು, ಇಪ್ಪತ್ತು ಸಲ ಒತ್ತಿ ಬಿಟ್ಟು ಮತ್ತೆ ಹಾಕಿದೆವು.

ಮುಗೀತು ಅಂದುಕೊಂಡು ಮಲಗಿದೆವು. ಬೆಳಿಗ್ಗೆ ಆರಕ್ಕೆ ಕಾಕಾನ ಫೋನು: "ಸಪಾಟ ದಾರ್ಯಾಗ ಕುದರಿಯಂಗ ಬಂತು. ಏರಿಗೆ ಬರೂತ್ಲೆ ಜೀವಾ ಬಿಡ್ತು. ಡಿಸ್ಪ್ಲೇನೂ ಆರಿತು." ಒಂದು ಕ್ಷಣ ಬಿಟ್ಟು ಮತ್ತೆ ಸ್ವಿಚ್ ಒತ್ತಿದರೆ ಬ್ಯಾಟರಿ ಪೂರ್ತಿ ಅಂತಲೇ ತೋರಿಸುತ್ತದಂತೆ. ಸುಮ್ಮನೆ ನಿಂತಾಗ ಎಲ್ಲಾ ಸರಿ, ದುಡಿಯಾಕ ಹಚ್ಚಿದರೆ ಕೈ ಬಿಡತೈತಿ. ಇದು ಮೊದಲಿನ ರೋಗ ಅಲ್ಲ.

ಶನಿವಾರ ಸಾಲಿ ಬಿಟ್ಟ ಮೇಲೆ ಮಲ್ಟಿಮೀಟರನ್ನು ರಬ್ಬರ್ ಬ್ಯಾಂಡಿನಿಂದ ಹ್ಯಾಂಡಲ್ಲಿಗೆ ಕಟ್ಟಿ, ಅದರ ಎರಡು ವೈರನ್ನು ಬ್ಯಾಟರಿ ಕೂರೋ ತೊಟ್ಟಿಲಿನ ಕೆಳಗೆ, ಕಂಟ್ರೋಲರಿಗೆ ಹೋಗೋ ಕಡೆ ಸಿಗಿಸಿದೆ. ಖಾಲಿ ಕ್ಯಾನಿಗೆ ನೀರು ತುಂಬಿ ಹೇರಿ, ಕಾಕಾ ಏರು ಹತ್ತಿದರು. ನಾನು ಹಿಂದಿನಿಂದ ಓಡುತ್ತಿದ್ದೆ. ಅವರು ಕೂಗಿ ಹೇಳುತ್ತಿದ್ದರು: "ನಲವತ್ತು… ಮೂವತ್ತೇಳು… ಮೂವತ್ನಾಕು… ಮೂವತ್ತೊಂದು… ಹೋತು!"

ಇದು 36 ವೋಲ್ಟಿನ ಬ್ಯಾಟರಿ, ಪೂರ್ತಿ ತುಂಬಿದರೆ 42. ಸುಮಾರು 31ಕ್ಕೆ ಇಳಿದರೆ ಬ್ಯಾಟರಿ ಬರಿದಾಯಿತು ಅಂದುಕೊಂಡು ಕಂಟ್ರೋಲರು ತಾನೇ ಬಂದ್ ಮಾಡುತ್ತದೆ. ಬ್ಯಾಟರಿ ಬರಿದಾಗಿರಲಿಲ್ಲ. ಅದನ್ನು ಎಳೆದು ತೆಗೆದು ತೊಟ್ಟಿಲಿನ ಹಿತ್ತಾಳೆ ಪಟ್ಟಿ ಮುಟ್ಟಲು ಹೋದರೆ ಬೆರಳಿಗೆ ಚುರ್ ಅಂತು. ಎರಡು ಪಟ್ಟಿಗಳಲ್ಲಿ ಪಾಸಿಟಿವ್ ಕಡೆಯದು ಹಸಿರುಗಪ್ಪಾಗಿ ತಿಂದುಹೋಗಿತ್ತು, ಸುತ್ತಲಿನ ಪ್ಲಾಸ್ಟಿಕ್ಕು ಹಳದಿಯಾಗಿತ್ತು. ತೊಳೆದ ನೀರು, ನೊರೆ, ಮೇಲೆ ಕಾಯಿ ನೀರು. ಅದರಲ್ಲಿ ಉಪ್ಪಿನಂಶ ಇರುವುದರಿಂದ ಕರೆಂಟು ಚೆನ್ನಾಗಿ ಹರಿಯುತ್ತದೆ. ಬ್ಯಾಟರಿ ಹಾಕಿದಂತೆಯೇ ಒದ್ದೆ ತೊಟ್ಟಿಲಲ್ಲಿ ಎರಡು ದಿನ ಇತ್ತು. ನಾನು ಹತ್ತನೇ ಇಯತ್ತೆಯವರಿಗೆ ಬೀಕರಿನಲ್ಲಿ ಮಾಡಿ ತೋರಿಸೋ ವಿದ್ಯುದ್ವಿಭಜನೆ, ಕಾಕಾನ ಸೈಕಲ್ಲಿನೊಳಗೆ ಪುಕ್ಕಟೆ ನಡೆದಿತ್ತು.

ಲೆಕ್ಕ ಮಾಡಿ ನೋಡ್ರಿ. ಏರಿನಲ್ಲಿ ಮೋಟಾರು ಹನ್ನೆರಡು ಆಂಪಿಯರ್ ಎಳೆಯುತ್ತದೆ ಅಂತಿಟ್ಟುಕೊಂಡರೆ, ಆ ಕಿಲುಬಿನ ಜಾಗದಲ್ಲಿ ಬರೀ ಅರ್ಧ ಓಮ್ ತಡೆ ಇದ್ದರೂ ಆರು ವೋಲ್ಟು ಅಲ್ಲೇ ಮಾಯ. ಆರು ಗುಣಿಲೆ ಹನ್ನೆರಡು, 72 ವ್ಯಾಟು ಅಷ್ಟೂ ಬೆರಳಗಲದ ಹಿತ್ತಾಳೆಯನ್ನು ಕಾಯಿಸಲಿಕ್ಕೆ. ಸಪಾಟ ದಾರಿಯಲ್ಲಿ ಮೂರ್ನಾಲ್ಕು ಆಂಪಿಯರ್ ಸಾಕಾಗೋದರಿಂದ ಅಲ್ಲಿ ಏನೂ ಗೊತ್ತಾಗೋದಿಲ್ಲ. ಒಣಗಿದರೆ ಸರಿಹೋಗತೈತಿ ಬಿಡ್ರಿ ಅನ್ನೋ ಮಾತು ಸ್ವಿಚ್ಚಿಗೆ ಒಮ್ಮೊಮ್ಮೆ ನಡೆದೀತು, ಇಂಥದ್ದಕ್ಕೆ ನಡೆಯೋದಿಲ್ಲ. ನೀರು ಆರಿದರೂ ಕಿಲುಬು ಇರುತ್ತದೆ. ಹಾಗೇ ಓಡಿಸಿದ್ದರೆ ಪ್ಲಾಸ್ಟಿಕ್ಕು ಕರಗುತ್ತಿತ್ತು, ಅದೂ ಲಿಥಿಯಂ ಬ್ಯಾಟರಿಯ ಬುಡದಲ್ಲಿ.

ಬ್ಯಾಟರಿ ದೂರ ಇಟ್ಟು, ನುಣುಪು ಪಾಲಿಶ್ ಕಾಗದದಿಂದ ಎರಡೂ ಪಟ್ಟಿ ಹಿತ್ತಾಳೆ ಬಣ್ಣ ಬರೋವರೆಗೆ ತಿಕ್ಕಿ, ಐಪಿಎ ಹಚ್ಚಿ ಒರೆಸಿ, ಸಡಿಲಾಗಿದ್ದ ಬಾಯನ್ನು ಸಣ್ಣ ಇಕ್ಕಳದಿಂದ ಒಂದಿಷ್ಟು ಬಿಗಿ ಮಾಡಿ, ಕಾಂಟ್ಯಾಕ್ಟಿಗೆ ಅಂತಲೇ ಬರೋ ಗ್ರೀಸನ್ನು ತೆಳ್ಳಗೆ ಸವರಿದೆವು. ಅರ್ಧ ತಾಸಿನ ಕೆಲಸ. ಮತ್ತೆ ನೀರಿನ ಕ್ಯಾನು, ಮತ್ತೆ ಏರು. "ಮೂವತ್ತೆಂಟು… ಮೂವತ್ತೇಳು… ಮೂವತ್ತೇಳಕ್ಕ ನಿಂತೈತೋ ತಮ್ಮಾ!" ಮೇಲೆ ಹೋಗಿ ನಿಂತು ಅವರೇ ತೊಟ್ಟಿಲು ಮುಟ್ಟಿ ನೋಡಿದರು. ತಣ್ಣಗಿತ್ತು. ಭಾನುವಾರ ಮಗ ಫೋನ್ ಮಾಡಿ ಸೈಕಲ್ ಹೆಂಗೈತಿ ಅಂತ ಕೇಳಿದಾಗ ಕಾಕಾ ಎಮ್ಮೆಗಳ ಸುದ್ದಿಯನ್ನೇ ಹತ್ತು ನಿಮಿಷ ಹೇಳಿದರು.

ಈಗ ಕಾಕಾ ತೊಳೆಯೋ ರೀತಿಯೇ ಬೇರೆ. ಬ್ಯಾಟರಿ ಮನೆಯೊಳಗೆ. ತೊಟ್ಟಿಲಿಗೂ ಡಿಸ್ಪ್ಲೇಗೂ ಪ್ಲಾಸ್ಟಿಕ್ ಚೀಲ. ಅರ್ಧ ಬಕೆಟ್ ನೀರು, ಎಮ್ಮೆ ಮೈತೊಳೆಯೋ ಬ್ರಶ್ಶು. ಮೋಟಾರಿಗೆ ಹೋಗೋ ವೈರು ಮೊದಲು ಮೇಲಿನಿಂದ ನೆಟ್ಟಗೆ ಅಚ್ಚಿನೊಳಗೆ ಇಳಿಯುತ್ತಿತ್ತು, ನೀರಿಗೆ ರಾಜಮಾರ್ಗ. ಅದನ್ನು ಅಚ್ಚಿಗಿಂತ ಕೆಳಗೆ ಹೊಟ್ಟೆ ಬಿಟ್ಟು, ಅಲ್ಲಿಂದ ಮೇಲೆ ಬಂದು ಒಳಗೆ ಹೋಗುವಂತೆ ಕಟ್ಟಿದೆವು. ನೀರು ಆ ಹೊಟ್ಟೆಯಿಂದಲೇ ತೊಟ್ಟಿಕ್ಕುತ್ತದೆ.

ಸುದ್ದಿ ಹಬ್ಬಿತು ನೋಡ್ರಿ. ಕಿತ್ತೂರಿನಿಂದ ಒಬ್ಬ ಹುಡುಗ ಫೋನ್ ಮಾಡಿದ. ಖಾನಾಪುರದ ಕಾಡಿನ ದಾರಿ ತಿರುಗೋ ಹುಚ್ಚಿನವನು, ಅವನದು ಪೆಡಲಿನ ನಡುವೆಯೇ ಮೋಟಾರಿರೋ ಖರೇ ಮೌಂಟೇನ್ ಬೈಕು. ತೊಳೆದ ಮೇಲೆ ಮೋಟಾರು ಕೈಕೊಟ್ಟಿತ್ತು. ಹಿಂದಿನ ಗಾಲಿಯ ಕಡ್ಡಿಗೆ ಸಿಗಿಸಿದ ಸಣ್ಣ ಮ್ಯಾಗ್ನೆಟ್ಟು ನೋಡು ಅಂದೆ. ಅರಿವೆಯಿಂದ ತಿಕ್ಕುವಾಗ ಅದು ಅತ್ತ ತಿರುಗಿತ್ತು. ಎದುರಿನ ಸೆನ್ಸರಿಗೆ ನೇರ ಮಾಡಿದ, ಮುಗೀತು. ಸವದತ್ತಿಯವರೊಬ್ಬರ ಸ್ಕೂಟರಿನದು ಅಷ್ಟು ಸರಳ ಇರಲಿಲ್ಲ. ಗುಡ್ಡದ ಸವಾರಿ ಮುಗಿಸಿ ಬಂದ ಕೂಡಲೇ, ಗಾಲಿಯ ಮೋಟಾರು ಬಿಸಿ ಇದ್ದಾಗಲೇ ತಣ್ಣೀರು ಹೊಡೆಸಿದ್ದರು. ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿತು ಅಂದರೆ ಸೀಲಿನ ಸಂದಿಯಿಂದ ನೀರನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಗಾಡಿ ಜಗ್ಗಾಡಿ ಗುರ್ ಅನ್ನುತ್ತಿತ್ತು. ಬಿಚ್ಚಿಸಲೇಬೇಕಾಯಿತು, ಬೇರಿಂಗು ಬದಲಾಯಿಸಬೇಕಾಯಿತು.

ಕಡೆಗೆ ರಾಮದುರ್ಗದಿಂದ ಬಂದ ಫೋನು. 2019ರ ಆಗಸ್ಟಿನಲ್ಲಿ ಮಲಪ್ರಭಾ ಉಕ್ಕಿದಾಗ ಮುಳುಗಿದ ಬೈಕುಗಳನ್ನು ಮೆಕ್ಯಾನಿಕ್ಕುಗಳು ಎಣ್ಣೆ ಬಸಿದು, ಪ್ಲಗ್ ಒಣಗಿಸಿ, ಮತ್ತೆ ಓಡಿಸಿದ್ದನ್ನು ಕಂಡವರು. ಅವರ ಸೈಕಲ್ಲಿನ ಬ್ಯಾಟರಿ ನೀರಿನ ತೊಟ್ಟಿಗೆ ಬಿದ್ದು ರಾತ್ರಿಯಿಡೀ ಅಲ್ಲೇ ಇತ್ತಂತೆ. ತೆಗೆದು ಒಣಗಿಸಿದ್ದೇನೆ, ಚಾರ್ಜಿಗೆ ಹಚ್ಚಲೇನ್ರಿ ಅಂತ ಕೇಳಿದರು. ಹಚ್ಚಬ್ಯಾಡ್ರಿ ಅಂದೆ. ಒಳಗೆ ನೀರು ಕುಡಿದ ಲಿಥಿಯಂ ಬ್ಯಾಟರಿ ಅವತ್ತು ಸುಮ್ಮನಿದ್ದು ಎಷ್ಟೋ ದಿನದ ಮೇಲೂ ಹೊತ್ತಿಕೊಳ್ಳಬಹುದು.

"ಹಂಗಾರ ಎಲ್ಲಿ ಇಡ್ಲಿರೀ ಸರ? ಈಗ ಹಿತ್ತಲದಾಗ ಬಣವಿ ಬಾಜೂಕ ಇಟ್ಟೇನಿ."

ಮೊದಲ ಅಲ್ಲಿಂದ ತಗೀರಿ ಅಂದೆ. ಬಯಲಾಗ ಬರೀ ಕಲ್ಲಿನ ಮ್ಯಾಲ ಇಡ್ರಿ, ಮನಿ, ಬಣವಿ, ದನ ಎಲ್ಲಾದರಿಂದ ದೂರ. ಸಣ್ಣ ಹುಡುಗೂರನ್ನ ಹತ್ರ ಬಿಡಬ್ಯಾಡ್ರಿ. ಅವರು ಫೋನ್ ಇಡದೇನೇ ಹಿತ್ತಲಿಗೆ ಓಡಿದ್ದು ನನಗೆ ಕೇಳಿಸಿತು.