ಯಾದಿಯಲ್ಲಿ ಬರೆದ ಹೆಸರು

ಸ್ಮರಣ ಸಂಚಿಕೆಗೆ ಮುಖ್ಯಾಧ್ಯಾಪಿಕೆಯರು ಶಾಲೆಯ ಏಳಿಗೆಯನ್ನು ಕುರಿತು ನಾಲ್ಕು ಮಾತು ಬರೆಯುವದು ರೂಢಿಯಾಗಿರುವದು. ಫಲಿತಾಂಶದ ಅಂಕಿಗಳೂ ಹೊಸ ಕೋಣೆಗಳ ವೃತ್ತಾಂತವೂ ಈ ಸಂಚಿಕೆಯಲ್ಲಿಯೇ ಬೇರೆ ಕಡೆಗೆ ಬಂದಿರುವದರಿಂದ ನಾವು ಈ ಸಲ ಇನ್ನೊಂದು ವಿಷಯವನ್ನು ಎತ್ತಿಕೊಂಡಿರುವೆವು. ನಮ್ಮ ಹತ್ತನೆಯ ಇಯತ್ತೆಯ ಹುಡುಗಿಯರು ಇನ್ನೆರಡು ಮೂರು ವರ್ಷಗಳಲ್ಲಿ ಹದಿನೆಂಟು ತುಂಬಿ ಮತದಾರರಾಗತಕ್ಕವರು. ಬೋರ್ಡಿಂಗಿನಲ್ಲಿ ಸಾಯಂಕಾಲ ವರ್ತಮಾನ ಪತ್ರವನ್ನು ಓದಿಸುವಾಗ ಅವರು ನಮ್ಮನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದುಂಟು: “ಅಕ್ಕೋರ, ಕಳ್ಳ ವೋಟು ಅಂತಾರಲ್ಲ, ಅದು ಖರೇನೇನ್ರಿ?”

ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡಲಾಗುವದಿಲ್ಲ. ದೇಶದಲ್ಲಿ ಈಗ ಎರಡು ಪಕ್ಷದವರು ವಾದಿಸುತ್ತಿರುವರು. ಮತದಾರರ ಯಾದಿಯಲ್ಲಿ ಸತ್ತವರೂ ಊರು ಬಿಟ್ಟವರೂ ಎರಡೆರಡು ಕಡೆ ಹೆಸರುಳ್ಳವರೂ ತುಂಬಿರುವರು, ಅವರನ್ನೆಲ್ಲ ಕಾಗದ ಪತ್ರ ಕೇಳಿ ತೆಗೆದುಹಾಕಬೇಕೆಂದು ಒಬ್ಬರು ಹೇಳುವರು. ಹಾಗೆ ತೆಗೆಯುವ ನೆವದಿಂದ ಜೀವಂತರಾದ ಬಡವರ ಹೆಸರುಗಳೇ ಹಾರಿಹೋಗುವವೆಂದು ಮತ್ತೊಬ್ಬರು ಹೇಳುವರು. ಎರಡೂ ಕಡೆಗೆ ಕೂಗು ಹೆಚ್ಚಾಗಿ, ನಡುವೆ ನಿಂತ ಹಳ್ಳಿಯವರಿಗೆ ಯಾರನ್ನು ನಂಬಬೇಕೋ ತಿಳಿಯದಾಗಿದೆ.

ಈ ಅವಿಶ್ವಾಸವು ನಮ್ಮ ಬಾಗೇವಾಡಿ ಸೀಮೆಯಲ್ಲಿಯೇ ಏನು ಮಾಡಿತೆಂಬುದನ್ನು ನಾವೆಲ್ಲ ಬಲ್ಲೆವು. 2023ನೆಯ ಇಸವಿ ಮೇ 10ರಂದು ವಿಧಾನಸಭೆಯ ಮತದಾನ ನಡೆದಿರುವಾಗ ಮಸಬಿನಾಳದಲ್ಲಿ ಅಧಿಕಾರಿಯೊಬ್ಬರ ವಾಹನವನ್ನು ಜನರು ತಡೆದರು. ಅದರಲ್ಲಿ ಮತಯಂತ್ರಗಳಿದ್ದವು. ಯಂತ್ರಗಳನ್ನು ಬದಲಿಸಲು ಒಯ್ಯುತ್ತಿರುವರೆಂದು ವದಂತಿ ಹಬ್ಬಿ, ಕ್ಷಣಾರ್ಧದಲ್ಲಿ ಯಂತ್ರಗಳು ನೆಲಕ್ಕೆ ಬಿದ್ದು ಒಡೆದವು; ಅಧಿಕಾರಿಗೆ ಪೆಟ್ಟು ಬಿದ್ದಿತು; ಇಪ್ಪತ್ತಕ್ಕೂ ಹೆಚ್ಚು ಜನರು ಬಂಧಿತರಾದರು. ಅವು ಕಾಯ್ದಿಟ್ಟ ಯಂತ್ರಗಳಾಗಿದ್ದವು. ಮತಗಟ್ಟೆಯ ಯಂತ್ರ ಕೆಟ್ಟರೆ ಕೂಡಲೆ ಇನ್ನೊಂದು ಸಿಗಲೆಂದು ಪ್ರತಿಯೊಂದು ವಿಭಾಗದ ಅಧಿಕಾರಿಯೂ ಅಂಥವನ್ನು ಸಂಗಡ ಇಟ್ಟುಕೊಂಡು ತಿರುಗುವನು. ಈ ಒಂದು ಸಂಗತಿಯನ್ನು ಯಾರಾದರೂ ಊರಿನವರಿಗೆ ಮುಂಚೆಯೇ ತಿಳಿಸಿ ಹೇಳಿದ್ದರೆ ಎಷ್ಟು ಮನೆಯವರ ಕಣ್ಣೀರು ಉಳಿಯುತ್ತಿದ್ದಿತು!

ಆದರೆ ನಮ್ಮ ಅಭಿಪ್ರಾಯದಲ್ಲಿ ಹೆಣ್ಣುಮಕ್ಕಳ ಕಷ್ಟವು ಯಂತ್ರದಲ್ಲಿ ಇರುವದಿಲ್ಲ, ಯಾದಿಯಲ್ಲಿ ಇರುವದು. ಇದು ಹಳೆಯ ಕಥೆ. ಇಂಗ್ಲಿಷರ ಕಾಲದಲ್ಲಿ ಆಸ್ತಿ, ತೆರಿಗೆ, ಅಕ್ಷರಜ್ಞಾನ ಮುಂತಾದವು ಇದ್ದವರಿಗೆ ಮಾತ್ರ ಮತವಿದ್ದಿತು. ಹೆಂಗಸರಲ್ಲಿ ಅವು ಎಷ್ಟು ಜನರಿಗೆ ಇದ್ದವೆಂಬುದನ್ನು ಊಹಿಸಬಹುದು. ಸ್ವತಂತ್ರ ಭಾರತದ ಮೊದಲನೆಯ ಮಹಾ ಚುನಾವಣೆಗೆ, ಅಂದರೆ 1951-52ಕ್ಕೆ, ವಯಸ್ಸಿಗೆ ಬಂದವರೆಲ್ಲರ ಯಾದಿ ಮಾಡಿದಾಗ 17 ಕೋಟಿಗೂ ಮಿಕ್ಕಿ ಹೆಸರುಗಳಾದವು. ನಮ್ಮ ವಿಜಾಪುರ ಜಿಲ್ಲೆ ಆಗ ಮುಂಬಯಿ ರಾಜ್ಯದಲ್ಲಿದ್ದಿತು. ಆ ಯಾದಿಯನ್ನು ಪರಿಶೀಲಿಸುವಾಗ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರಿಗೆ ಒಂದು ವಿಚಿತ್ರವು ಕಂಡುಬಂದಿತು. ಲಕ್ಷಗಟ್ಟಲೆ ಹೆಂಗಸರು ತಮ್ಮ ಹೆಸರನ್ನು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಯಿಸಿದ್ದರು. ಸ್ವಂತ ಹೆಸರಿಲ್ಲದೆ ಯಾದಿಯಲ್ಲಿ ಇರಕೂಡದೆಂದು ಅವರು ಗಟ್ಟಿಯಾಗಿ ನಿಂತರು. ಎಷ್ಟೋ ಜನ ಕೊನೆಗೆ ಹೆಸರು ಹೇಳಿದರು. ಹೇಳದೆ ಉಳಿದ ಸುಮಾರು 28 ಲಕ್ಷ ಸ್ತ್ರೀಯರನ್ನು ಯಾದಿಯಿಂದ ತೆಗೆದುಹಾಕಲಾಯಿತು. ಅವರಲ್ಲಿ ಬಹಳ ಜನ ಉತ್ತರದ ಪ್ರಾಂತಗಳವರು.

ಸೇನರು ಮಾಡಿದ್ದು ಸರಿಯೋ ತಪ್ಪೋ ಎಂದು ನಮ್ಮ ಅಧ್ಯಾಪಿಕೆಯರಲ್ಲಿ ಒಮ್ಮೆ ವಾದವೇ ಆಯಿತು. ಸರಿಯೆಂದೇ ನಮ್ಮ ಮತ. ಹೆಸರಿಲ್ಲದ ಮತವನ್ನು ಯಾರು ಬೇಕಾದರೂ ಹಾಕಬಹುದಷ್ಟೆ. ಆದರೂ ಆ ಹೆಂಗಸರು ಮೊಂಡರಾಗಿದ್ದರೆಂದು ತಿಳಿಯಬಾರದು. ನಮ್ಮ ಕಡೆಗೆ ಈಗಲೂ ಮದುವೆಯಲ್ಲಿ ಗಂಡನ ಹೆಸರು ಹೇಳೆಂದರೆ ಸೊಸೆಯಾದವಳು ಒಡಪು ಕಟ್ಟಿ, ಹೂವು ಹಣ್ಣು ಊರು ಕೇರಿ ಎಲ್ಲವನ್ನೂ ಬಳಸಿ, ಕೊನೆಗೊಮ್ಮೆ ಆ ಹೆಸರನ್ನು ಮೆಲ್ಲಗೆ ಸೇರಿಸಿ ಓಡಿಹೋಗುವಳು. ಇಂಥ ನಾಡಿನಲ್ಲಿ ಹೊಸ್ತಿಲ ಮುಂದೆ ಅಪರಿಚಿತ ಗಂಡಸು ಕಾಗದ ಹಿಡಿದು ನಿಂತು ಹೆಸರು ಕೇಳಿದರೆ ಅವರಿಗೆ ಬಾಯಿ ಬರಲಿಲ್ಲವೆಂಬುದರಲ್ಲಿ ಆಶ್ಚರ್ಯವೇನು?

ಈಗಿನ ಹೆಂಗಸರು ಹೆಸರು ಹೇಳುವರು. ಆದರೆ ಯಾವ ಹೆಸರು? ಮಸೂತಿಯಿಂದ ಬಂದು ನಮ್ಮಲ್ಲಿ ಓದಿದ ಒಬ್ಬ ಹುಡುಗಿಯ ಸಂಗತಿಯನ್ನು ಅವಳ ಒಪ್ಪಿಗೆಯಿಂದ ಇಲ್ಲಿ ಬರೆಯುವೆವು. ಅವಳನ್ನು ಬೇರೊಂದು ತಾಲೂಕಿಗೆ ಕೊಟ್ಟರು. ಲಗ್ನದ ದಿವಸ ಅತ್ತೆಯ ಮನೆಯವರು ನಮ್ಮ ಕಡೆಯ ಪದ್ಧತಿಯಂತೆ ಅವಳಿಗೆ ಹೊಸ ಹೆಸರಿಟ್ಟರು. ಲಗ್ನವಾಗಿ ಹೋದಳೆಂದು ತವರಿನ ಯಾದಿಯಿಂದ ಅವಳ ಹೆಸರು ಹೋಯಿತು. ಅದು ನ್ಯಾಯವೇ, ಒಬ್ಬರ ಹೆಸರು ಎರಡು ಕಡೆ ಇರಕೂಡದು. ಗಂಡನ ಊರಿನಲ್ಲಿ ಬರೆಯಿಸಲು ಹೋದಾಗ, ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಒಂದು ಹೆಸರು, ಇಬ್ಬರೂ ಒಬ್ಬಳೇ ಎಂಬುದಕ್ಕೆ ಆಧಾರವೇನೆಂದು ಒಂದು ಕಚೇರಿಯಲ್ಲಿ ಕೇಳಿದರು. ಮೂರು ಸಲ ಕೂಲಿ ಬಿಟ್ಟು ಹೋಗಿಬಂದಳು. 2024ನೆಯ ಮೇ 7ರಂದು ನಮ್ಮ ಜಿಲ್ಲೆಯಲ್ಲಿ ಲೋಕಸಭೆಯ ಮತದಾನವಾದಾಗ ಅವಳ ಕೈಯಲ್ಲಿ ತವರಿನ ವಿಳಾಸದ ಗುರುತಿನ ಚೀಟಿಯು ಭದ್ರವಾಗಿದ್ದಿತು. ಯಾದಿಯಲ್ಲಿ ಮಾತ್ರ ಎಲ್ಲಿಯೂ ಅವಳಿರಲಿಲ್ಲ.

ಇಲ್ಲಿ ನಮ್ಮ ಹುಡುಗಿಯರು ಒಂದು ವಿಷಯವನ್ನು ತಿಳಿದುಕೊಳ್ಳಬೇಕು. ಭಾವಚಿತ್ರವುಳ್ಳ ಗುರುತಿನ ಚೀಟಿಯು ಟಿ. ಎನ್. ಶೇಷನ್ನರ ಕಾಲದಲ್ಲಿ, 1993ರಲ್ಲಿ, ಜಾರಿಗೆ ಬಂದಿತು. ಮತದಾನದ ದಿವಸ ಅದು ಇಲ್ಲದಿದ್ದರೂ ಆಯೋಗವು ಒಪ್ಪಿದ ಬೇರೆ ಕಾಗದಗಳನ್ನು ತೋರಿಸಿ ಮತ ಹಾಕಬಹುದು. ಯಾದಿಯಲ್ಲಿ ಹೆಸರಿಲ್ಲದಿದ್ದರೆ ಚೀಟಿಯು ಬಂಗಾರದ್ದಾದರೂ ಪ್ರಯೋಜನವಿಲ್ಲ. ಆದಕಾರಣ ಚೀಟಿ ಕೇಳುವದು ಅನ್ಯಾಯವೋ ಅಲ್ಲವೋ ಎಂಬ ದೊಡ್ಡ ವಾದಕ್ಕಿಂತ, ಯಾದಿ ಬರೆಯುವಾಗಲೂ ಅಳಿಸುವಾಗಲೂ ಯಾರನ್ನು ಏನು ಕೇಳಲಾಗುವದೆಂಬುದೇ ನಮಗೆ ಮುಖ್ಯವಾಗಿ ತೋರುವದು. ಗಂಡಸಿಗೆ ಹುಟ್ಟಿದ ಊರು, ಹೆಸರು, ಹೊಲದ ಉತಾರ ಎಲ್ಲವೂ ಒಂದೇ ಕಡೆಗೆ. ಹೆಂಗಸಿಗೆ ಊರೂ ಬೇರೆ, ಹೆಸರೂ ಬೇರೆ, ಉತಾರದಲ್ಲಿ ಅವಳು ಬಹುಶಃ ಇಲ್ಲವೇ ಇಲ್ಲ.

ಹಾಗೆಂದು ಕಳ್ಳ ಮತವೆಂಬುದೇ ಇಲ್ಲವೆಂದು ನಾವು ಹೇಳಲಾರೆವು. ಹಿಂದೊಂದು ಚುನಾವಣೆಯಲ್ಲಿ ನಮ್ಮನ್ನು ಮತಗಟ್ಟೆಯ ಕೆಲಸಕ್ಕೆ ಕಳುಹಿಸಿದ್ದರು. ಮಧ್ಯಾಹ್ನದ ಬಿಸಿಲಲ್ಲಿ ಒಬ್ಬ ಮುದುಕಿ ಕೋಲೂರಿಕೊಂಡು ಬಂದಳು. ಅವಳ ಹೆಸರಿನ ಮೇಲೆ ಆಗಲೇ ಗೆರೆ ಬಿದ್ದಿದ್ದಿತು. ಬೆಳಿಗ್ಗೆ ಯಾರೋ ಬಂದು ಅವಳ ಮತವನ್ನು ಹಾಕಿಹೋಗಿದ್ದರು. ಮುದುಕಿಯ ಬೆರಳಿನಲ್ಲಿ ಶಾಯಿಯ ಗುರುತಿಲ್ಲ. (ಈ ಶಾಯಿಯು 1962ರಿಂದ ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯಿಂದಲೇ ದೇಶಕ್ಕೆಲ್ಲ ಹೋಗುತ್ತಿರುವದು.) ಇಂಥ ಸಮಯದಲ್ಲಿ ಮತಗಟ್ಟೆಯ ಅಧ್ಯಕ್ಷರು ಪ್ರಶ್ನೆ ಕೇಳಿ, ಸಮಾಧಾನವಾದರೆ, ಕಾಗದದ ಬೇರೊಂದು ಮತಪತ್ರವನ್ನು ಕೊಡಬೇಕೆಂದು ನಿಯಮವುಂಟು. ಕೊಟ್ಟರು. ಗುರುತು ಹಾಕಿ ಮಡಚಿಕೊಟ್ಟ ಬಳಿಕ ಆಕೆ, “ಇದನ್ನ ಎಣಸ್ತಾರೇನ್ರಿ, ಸಾಹೇಬ್ರ?” ಎಂದು ಕೇಳಿದಳು. ಎಣಿಸುವದಿಲ್ಲ, ಲಕೋಟೆಯಲ್ಲಿ ಮುದ್ರೆ ಹಾಕಿಡುವರು, ನ್ಯಾಯಾಲಯವು ಕೇಳಿದರೆ ಮಾತ್ರ ತೆರೆಯುವರು. ಅಧ್ಯಕ್ಷರು ಇದನ್ನು ಮರೆಮಾಚದೆ ಹೇಳಿದರು. ಆಕೆ ಮತ್ತೇನೂ ಮಾತಾಡದೆ ಹೊರಟುಹೋದಳು.

ಒಂದು ಮತದಿಂದ ಏನಾದೀತೆಂದು ಕೇಳುವವರಿಗೆ ನಾವು 2004ರ ಸಂತೇಮರಹಳ್ಳಿಯನ್ನು ತೋರಿಸುವೆವು. ಅಲ್ಲಿ ಆರ್. ಧ್ರುವನಾರಾಯಣರು ಎ. ಆರ್. ಕೃಷ್ಣಮೂರ್ತಿಯವರನ್ನು ಗೆದ್ದದ್ದು ಒಂದೇ ಒಂದು ಮತದಿಂದ.

ನಮ್ಮ ನೆರೆಯ ಕಲಬುರ್ಗಿ ಜಿಲ್ಲೆಯ ಆಳಂದದ ಸಂಗತಿಯಂತೂ ಎರಡೂ ಪಕ್ಷದ ವಾದಗಳನ್ನು ಒಂದೇ ಗಂಟಿನಲ್ಲಿ ಕಟ್ಟಿರುವದು. 2018ರಲ್ಲಿ ಅಲ್ಲಿಯ ಗೆಲುವು 697 ಮತಗಳದು. 2023ರ ಚುನಾವಣೆಗೆ ಮುಂಚೆ ಅಲ್ಲಿ ಹೆಸರು ತೆಗೆಯಿರೆಂದು 6,018 ಅರ್ಜಿಗಳು ಅಂತರ್ಜಾಲದ ಮುಖಾಂತರ ಬಂದವು. ಅರ್ಜಿ ಕೊಟ್ಟವರೆಂದು ಅದೇ ಕ್ಷೇತ್ರದ ಮತದಾರರ ಹೆಸರುಗಳಿದ್ದವು. ಹೋಗಿ ಕೇಳಿದರೆ ಅವರಿಗೆ ಏನೊಂದೂ ಗೊತ್ತಿರಲಿಲ್ಲ. ಮನೆಮನೆಗೆ ಹೋಗಿ ನೋಡಲಾಗಿ ನಿಜವಾದವು 24 ಮಾತ್ರ! ಉಳಿದ 5,994 ಅರ್ಜಿಗಳನ್ನು ತಳ್ಳಿಹಾಕಿ, 2023ರ ಫೆಬ್ರುವರಿಯಲ್ಲಿ ಚುನಾವಣಾಧಿಕಾರಿಗಳೇ ಪೋಲೀಸರಲ್ಲಿ ದೂರು ಕೊಟ್ಟರು. ಕಳ್ಳತನವೂ ಇದೇ, ಹೆಸರಳಿಸುವದೂ ಇದೇ. ಇದು ಹಿಡಿಯಲ್ಪಟ್ಟದ್ದು ಯಾವ ಯಂತ್ರದಿಂದಲೂ ಅಲ್ಲ. ಬಾಗಿಲಿಗೆ ಹೋಗಿ, ಈ ಮನೆಯಾಕೆ ಇರುವಳೇ ಎಂದು ಕೇಳಿದ್ದರಿಂದ. ಹಾಗೆ ಕೇಳುವ ಮತಗಟ್ಟೆ ಮಟ್ಟದ ಅಧಿಕಾರಿಗಳಲ್ಲಿ ಬಹಳ ಜನರು ನಮ್ಮಂತೆ ಶಾಲೆಯ ಅಧ್ಯಾಪಕರೂ ಅಂಗನವಾಡಿಯ ಕಾರ್ಯಕರ್ತೆಯರೂ ಆಗಿರುವರೆಂಬುದನ್ನು ತುಸು ಅಭಿಮಾನದಿಂದಲೇ ಬರೆಯುವೆವು.

ಸತ್ತವರನ್ನು ಬಿಟ್ಟು ಬೇರೆ ಯಾರ ಹೆಸರನ್ನು ತೆಗೆಯಬೇಕಾದರೂ ಅವರಿಗೆ ತಿಳಿಸಿ ಅವರ ಮಾತನ್ನು ಕೇಳಬೇಕೆಂದು 1950ರ ಕಾಯಿದೆಯೇ ವಿಧಿಸಿರುವದು. 2025ರಲ್ಲಿ ಬಿಹಾರದ ಯಾದಿಯನ್ನು ಹೊಸದಾಗಿ ಮಾಡಿದಾಗ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರುಗಳು ಬಿಟ್ಟುಹೋದವು. ಯಾರ ಹೆಸರು, ಯಾವ ಕಾರಣಕ್ಕೆ ಎಂಬುದನ್ನು ಪ್ರಕಟಿಸಿರೆಂದು ಸುಪ್ರೀಮ್ ಕೋರ್ಟು ಆ ವರ್ಷದ ಆಗಸ್ಟ 14ರಂದು ಅಪ್ಪಣೆ ಮಾಡಬೇಕಾಯಿತು. ಕಾರಣವನ್ನು ಕೇಳದೆ ಹೇಳುವದೇ ಮರ್ಯಾದೆಯೆಂದು ನಮಗೆ ತೋರುವದು.

ಇನ್ನು ದುಡಿಯಲು ಹೋದವರ ಮಾತು. ಮಳೆ ಕೈಕೊಟ್ಟ ವರ್ಷ ನಮ್ಮ ಸೀಮೆಯ ಒಕ್ಕಲುಗಳು ಗೋವೆಗೆ, ಮಹಾರಾಷ್ಟ್ರದ ಕಬ್ಬಿಗೆ ಹೋಗುವವು. ಮನೆಗೆ ಬೀಗ ಕಂಡವರು ಊರು ಬಿಟ್ಟರೆಂದು ಬರೆದುಕೊಳ್ಳಬಹುದು. ತಾತ್ಕಾಲಿಕವಾಗಿ ಹೋದ ಮಾತ್ರಕ್ಕೆ ಆ ಊರಿನ ನಿವಾಸಿಯೆಂಬುದು ತಪ್ಪುವದಿಲ್ಲವೆಂದು ಅದೇ ಕಾಯಿದೆಯಲ್ಲಿದೆ. ಅತ್ತ ಮಸೂತಿಯ ಮಗ್ಗುಲಿಗೆ ಕೂಡಗಿಯಲ್ಲಿ 2,400 ಮೆಗಾವಾಟಿನ ವಿದ್ಯುತ್ ಕೇಂದ್ರವಾಗಿ, ಪರರಾಜ್ಯದವರು ಬಂದು ನೆಲಸಿರುವರು. ಅವರೇಕೆ ನಮ್ಮ ಯಾದಿಯಲ್ಲೆಂದು ಕೇಳುವವರು, ಗೋವೆಯಲ್ಲಿ ನಮ್ಮವರನ್ನು ಕುರಿತು ಅದೇ ಮಾತು ಹೊರಟಾಗ ನೊಂದುಕೊಳ್ಳುವರು.

ಮಸೂತಿಯ ಆ ಹುಡುಗಿಗೆ ನಾವು ಶಾಲೆಯ ದಾಖಲೆಯ ಪ್ರತಿಯನ್ನು ಕೊಟ್ಟೆವು. ಅದರಲ್ಲಿದ್ದ ಹೆಸರನ್ನು ಮಾತ್ರ ಬದಲಿಸಿ ಕೊಡಲಿಲ್ಲ, ಕೊಡಲೂ ಬರುವದಿಲ್ಲ. ಆಕೆ ಈಗ ತನ್ನ ಶಾಲೆಯ ಹೆಸರಿನಿಂದಲೇ ಗಂಡನ ಊರಿನ ಯಾದಿಯಲ್ಲಿ ಸೇರಿರುವಳು. ಅತ್ತೆಯವರು ಕರೆಯುವ ಹೆಸರು ಮನೆಯಲ್ಲಿ ಉಳಿದಿದೆ.

ಅಂದಿನಿಂದ ನಾವು ಪರೀಕ್ಷಾ ಮಂಡಳಿಗೆ ಹತ್ತನೆಯ ಇಯತ್ತೆಯ ಹೆಸರುಗಳನ್ನು ಕಳುಹಿಸುವ ಮುಂಚೆ ಪ್ರತಿಯೊಬ್ಬಳನ್ನೂ ಕರೆದು, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ತನ್ನ ಹೆಸರು, ತಂದೆ ತಾಯಿಯ ಹೆಸರು, ಅಡ್ಡಹೆಸರು, ಹುಟ್ಟಿದ ದಿನಾಂಕಗಳನ್ನು ತಾನೇ ಗಟ್ಟಿಯಾಗಿ ಓದಿ ಸಹಿ ಮಾಡುವಂತೆ ಗೊತ್ತುಮಾಡಿರುವೆವು. ಇದಕ್ಕೆ ಎರಡು ದಿವಸ ಹಿಡಿಯುವದು, ಗುಮಾಸ್ತರಿಗೆ ಬೇಸರ. ಈ ವರ್ಷ ಮಸೂತಿಯ ಕಡೆಯ ಇನ್ನೊಬ್ಬಳು ಓದಿ ಮುಗಿಸಿ, “ಅಕ್ಕೋರ, ಲಗ್ನದಾಗ ಹೆಸರು ಬದಲ್ ಮಾಡಲಿಕ್ಕೇ ಬೇಕೇನ್ರಿ?” ಎಂದಳು. ಹಾಗೆಂದು ಯಾವ ಕಾಯಿದೆಯಲ್ಲಿಯೂ ಇಲ್ಲವೆಂದು ಹೇಳಿದೆವು. ಅದನ್ನು ಒಂದು ಕಾಗದದ ಮೇಲೆ ಬರೆದುಕೊಡಿರಿ, ಅಪ್ಪನಿಗೆ ತೋರಿಸಬೇಕು, ಶಾಲೆಯ ಶಿಕ್ಕಾನೂ ಹಾಕಿರಿ ಎಂದಳು. ಬರೆದು, ಶಿಕ್ಕೆ ಹಾಕಿ ಕೊಟ್ಟಿರುವೆವು.